ತಡವಾಗಿ ಬರುವವಳು

ಮೊದಲು ನೋಡಿದ್ದು ಅವರ ಶೂ.
ಎಡಗಾಲಿನದು ತುದಿಯಲ್ಲಿ ಸವೆದು ಬೆಳ್ಳಗಾಗಿತ್ತು,
ಹಿಮ್ಮಡಿ ಮಾತ್ರ ಹೊಸದರಂತೆ ಹಾಗೇ.
ಫೈಲು ಆಮೇಲೆ ತೆರೆದೆ. ಅದರಲ್ಲೂ ಅದೇ ಇತ್ತು,
ಮೂರು ಪುಟ ಉದ್ದಕ್ಕೆ.

ಡೋನ್ಯಾ ಮೆಲಾನಿಯಾ ಒಯಾರ್ಸೊ, ಅರವತ್ತೊಂಬತ್ತು,
ವಾಲ್ಪರೈಸೊ ಬಂದರಿನ ಮೇಲಿನ ಗುಡ್ಡದಲ್ಲಿ ಮನೆ,
ಬೀದಿಯಿಂದ ಬಾಗಿಲಿಗೆ ನೂರ ನಲವತ್ತೊಂದು ಮೆಟ್ಟಿಲು.
ವಾಕರ್ ತೋರಿಸಿದೆ. ನಕ್ಕರು:
"ನಾಲ್ಕು ಕಾಲಿದ್ದೂ ಹತ್ತಲು ಬಾರದಲ್ಲ ಇದಕ್ಕೆ!"

ಹಾಗಾಗಿ ಊರುಗೋಲು.
ಕೈ ಇಳಿಬಿಟ್ಟು ನಿಲ್ಲಿಸಿ, ಮಣಿಕಟ್ಟಿನ ಗೆರೆಗೆ ಅಳೆದು,
ತೀರಿಕೊಂಡ ಗಂಡನ ಕೋಲನ್ನು ನಾಲ್ಕು ಬೆರಳು ಕೊಯ್ದೆ,
ತುದಿಗೆ ರಬ್ಬರಿನ ಟೊಪ್ಪಿ ತೊಡಿಸಿದೆ.
ಎಡಗೈ ಚಾಚಿದರು. ಎಲ್ಲರೂ ಹಾಗೇ,
ಸೋತ ಕಡೆಗೇ ಓಡುತ್ತದೆ ಮನಸ್ಸು.
ಬಲಗೈಗೆ ಕೊಟ್ಟೆ.

ಟಕ್. ಸರ್ರ್. ಧಪ್.
ಕೆಲವೊಮ್ಮೆ ಕಣ್ಣು ಮುಚ್ಚಿ ಕೇಳುತ್ತೇನೆ.
ಆ ನಡುವಿನ ಸರ್ರ್ ತೆಳುವಾಗಬೇಕು,
ನನ್ನ ಸಂಬಳ ಅದಕ್ಕೇ.

ಮೆಟ್ಟಿಲಿಗೆ ನಮ್ಮಲ್ಲೊಂದು ಮಾತಿದೆ,
ಗೋಡೆಯ ಮೇಲೂ ಬರೆದಿದೆ:
ಒಳ್ಳೆಯವರು ಸ್ವರ್ಗಕ್ಕೆ ಏರುತ್ತಾರೆ, ಕೆಟ್ಟವರು ನರಕಕ್ಕೆ ಇಳಿಯುತ್ತಾರೆ.
ಅಂದರೆ, ಹತ್ತುವಾಗ ಗಟ್ಟಿ ಕಾಲು ಮೊದಲು,
ಇಳಿಯುವಾಗ ಇನ್ನೊಂದು.

"ಕೆಟ್ಟವಳೇ?"
ಡೋನ್ಯಾ ಮೆಲಾನಿಯಾ ಕುರ್ಚಿ ಎಳೆದು ಕೂತುಬಿಟ್ಟರು.
"ನಲವತ್ತು ವರ್ಷ ಪೆಡಲ್ ತುಳಿದಿದ್ದಾಳೆ.
ನಮ್ಮ ಗುಡ್ಡದ ಅರ್ಧ ಮದುವೆಗಳನ್ನು ಹೊಲಿದಿದ್ದಾಳೆ.
ಇವಳು ತಡವಾಗಿ ಬರುವವಳು, ಅಷ್ಟೇ. ಗೋಡೆ ಅಳಿಸು."

ಗೋಡೆ ಅಳಿಸುವ ಅಧಿಕಾರ ನನಗಿಲ್ಲ.
ಗುರುವಾರ ಅವರ ಮನೆಗೆ ಹೋದೆ.
ಕಿಟಕಿಯ ಕೆಳಗೆ ಯಂತ್ರ, ಅದರ ಕಬ್ಬಿಣದ ಪೆಡಲ್.
ದಾರ ಪೋಣಿಸದೆ ಎರಡೂ ಪಾದ ಇಡಿಸಿದೆ.
ಬಲಗಾಲು ತುಳಿಯಿತು: ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು.
ಎಡದ್ದು ಸುಮ್ಮನೆ ಸವಾರಿ ಮಾಡಿತು
ತೊಟ್ಟಿಲ ಕೂಸಿನ ಹಾಗೆ.

ಮೂರನೇ ವಾರ ಬಲಗಾಲು ತೆಗೆಸಿದೆ.
ಚಕ್ರ ಅರ್ಧ ತಿರುಗಿ ನಿಂತಿತು,
ಮತ್ತೆ ಉಲ್ಟಾ ತಿರುಗಿತು.
ನಾನು ಚಪ್ಪಾಳೆ ತಟ್ಟಿದೆ.
"ದಾರ ಇದ್ದಿದ್ದರೆ ತುಂಡಾಗುತ್ತಿತ್ತು" ಎಂದರು.

ಮೆಟ್ಟಿಲಿಗೆ ಕಂಬಿ ಒಂದೇ ಕಡೆ.
ನಗರಸಭೆಯ ಹತ್ತಿರ ಅಷ್ಟೇ ದುಡ್ಡಿತ್ತಂತೆ.
ಹತ್ತುವಾಗ ಬಲಗೈಗೆ ಸಿಗುತ್ತದೆ, ಇಳಿಯುವಾಗ ಎಡಗೈಗೆ,
ಎಡಗೈಗೋ ಚಹಾದ ಲೋಟವೂ ಜಾರುತ್ತದೆ.
ನಾನು ಓದಿದ ಪುಸ್ತಕಗಳಲ್ಲಿ
ಮೆಟ್ಟಿಲುಗಳಿಗೆ ಎರಡೂ ಕಡೆ ಕಂಬಿ.
ಯೋಚಿಸುತ್ತ ನಿಂತಿದ್ದೆ. ಅವರು ತಿರುಗಿಯೇಬಿಟ್ಟರು,
ಬೀದಿಗೆ ಬೆನ್ನು, ಮನೆಗೆ ಮುಖ,
ಹಡಗಿನ ಏಣಿ ಇಳಿಯುವ ನಾವಿಕರ ಹಾಗೆ.
ಮುಂದಿಟ್ಟ ಹೆಜ್ಜೆ ಹಿಂದಿಡಬಾರದು ಎಂದವರು
ಇಷ್ಟು ಕಡಿದಾದ ಊರಲ್ಲಿ ಬಾಳಿರಲಿಕ್ಕಿಲ್ಲ.

ನಾನು ಎರಡು ಮೆಟ್ಟಿಲು ಕೆಳಗೆ, ಕೋಲು ಕಂಕುಳಲ್ಲಿ,
ಕೈ ಅವರ ಸೊಂಟದ ಪಟ್ಟಿಯ ಬಳಿ, ಮುಟ್ಟದೆ.
ತಡವಾಗುವವಳು ಮೊದಲು. ಆಮೇಲೆ ಅವಳ ಅಕ್ಕ.
ಮೂವತ್ತೇಳನೆಯದರಲ್ಲಿ
ಹಳದಿ ನಾಯಿ ಮಲಗಿತ್ತು, ಉದ್ದಕ್ಕೆ.
ಬಾಲದ ಪಕ್ಕ ಎಡಪಾದ ಊರಿತು.
ಬಲಗಾಲಿಗೆ ಜಾಗವಿಲ್ಲ, ಗಾಳಿಯಲ್ಲೇ ಹುಡುಕಿತು.
ನಾಯಿ ಕಣ್ಣು ತೆರೆಯಿತು. ಆಕಳಿಸಿತು.
ಮುಂಗಾಲು ಚಾಚಿತು, ಆಮೇಲೆ ಹಿಂಗಾಲು,
ಒಂದೊಂದಾಗಿ.

ಎಣಿಸುವುದು ನನ್ನ ಚಾಳಿ.
ಆಸ್ಪತ್ರೆಯ ಕಂಬಿಗಳ ನಡುವೆ, ಕನ್ನಡಿಯೆದುರು,
ಆ ಕಾಲೊಂದರ ಮೇಲೆ ಅವರು ಮೂರು ಸೆಕೆಂಡು ದಾಟಿರಲಿಲ್ಲ.
ಏಳು. ಎಂಟು.
"ಏನೋ ಅದು ಎಣಿಸ್ತಿರೋದು?" ಎಂದರು, ತಿರುಗದೆ.
ಮೆಟ್ಟಿಲು, ಎಂದೆ.